ರೆಟ್ರೋಫಿಟ್: ಹಳೇ ಪಿಕಪ್‌ಗೆ ಎಸಿ ಕೂರಿಸುವುದು ಅಂದ್ರೆ ಏನು?

ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: "ಎಸಿ ಕಂಪನಿ ಫಿಟಿಂಗಾ, ಹೊರಗಡೆ ಹಾಕಿಸಿದ್ದಾ?" ಈ 'ಹೊರಗಡೆ ಹಾಕಿಸಿದ್ದು' ಅನ್ನುವುದೇ ರೆಟ್ರೋಫಿಟ್. ಕಾರ್ಖಾನೆಯಿಂದ ಬರುವಾಗ ಇಲ್ಲದ್ದನ್ನು ಆಮೇಲೆ ಗಾಡಿಗೆ ಹೊಂದಿಸಿ ಕೂರಿಸುವುದು. ಇಂಗ್ಲಿಷಿನ ರೆಟ್ರೋಆಕ್ಟಿವ್ ಮತ್ತು ರೀಫಿಟ್ ಎಂಬ ಎರಡು ಪದ ಕೂಡಿ ಹುಟ್ಟಿದ ಪದ ಇದು. ಪೆಟ್ರೋಲ್ ಗಾಡಿಗೆ ಸಿಎನ್‌ಜಿ ಕಿಟ್ ಹಾಕಿಸುವುದೂ ರೆಟ್ರೋಫಿಟ್. ಭೂಕಂಪ ತಡೆಯಲಿ ಅಂತ ಹಳೇ ಕಟ್ಟಡವನ್ನು ಗಟ್ಟಿ ಮಾಡುವುದೂ ರೆಟ್ರೋಫಿಟ್.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು 'ಹೊಂದಿಸಿ' ಅನ್ನುವ ಮಾತು. ಸ್ಟೀರಿಯೊ ಹಾಕಿಸಿದಷ್ಟು ಸುಲಭ ಅಲ್ಲ ಇದು. ಹಳೇ ಹೆಂಚಿನ ಮನೆಯೊಳಗೆ ಹೊಸದಾಗಿ ಬಚ್ಚಲು ಮಾಡಿಸಿದ ಹಾಗೆ. ಟೈಲ್ಸು, ನಲ್ಲಿ ಎಲ್ಲ ಆಮೇಲೆ. ನೀರು ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು, ಅದು ಮೊದಲು ತೀರ್ಮಾನ ಆಗಬೇಕು ಅಲ್ವಾ? ಎಸಿಯೂ ಹಾಗೆಯೇ. ಅದು ತಂಪನ್ನು ಹುಟ್ಟಿಸುವುದಿಲ್ಲ. ಕ್ಯಾಬಿನ್ನಿನ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ. ಎತ್ತೋಕೆ ಶಕ್ತಿ ಬೇಕು, ಹೊರಗೆ ಹಾಕೋಕೆ ದಾರಿ ಬೇಕು. ಹಳೇ ಪಿಕಪ್ಪಿನಲ್ಲಿ ಇವೆರಡನ್ನೂ ಹುಡುಕಿ ಮಾಡಿಕೊಳ್ಳಬೇಕು.

ನಮ್ಮ ಮಾವನ ಹತ್ತಿರ ಒಂದು ಹಳೇ ಡೀಸೆಲ್ ಪಿಕಪ್ ಇದೆ. ಕೋಲಾರದಿಂದ ಚೆನ್ನೈಗೆ ಟೊಮೆಟೊ ಹೊಡೆಯುವ ಗಾಡಿ. ಹೋಗುವುದು ರಾತ್ರಿ, ವಾಪಸ್ ಬರುವುದು ಉರಿಬಿಸಿಲಲ್ಲಿ. ಎತ್ತುವ ಶಕ್ತಿ ಬರುವುದು ಇಂಜಿನ್ನಿನಿಂದ. ಬಿಸಿ ಹೊರುವ ಗ್ಯಾಸನ್ನು ಒತ್ತಿ ಪೈಪಿನಲ್ಲಿ ಸುತ್ತಿಸುವ ಪಂಪು ಕಂಪ್ರೆಸರ್, ಅದನ್ನು ಇಂಜಿನ್ ಒಂದು ಬೆಲ್ಟಿನಿಂದ ತಿರುಗಿಸುತ್ತದೆ. ಮೊದಲ ಸಲ ಎಸಿ ಹಾಕಿಸಿದಾಗ ಎರಡೇ ವಾರಕ್ಕೆ ಆ ಬೆಲ್ಟ್ ಹೋಯಿತು. ಬಾನೆಟ್ ಎತ್ತಿದರೆ ಕಂಪ್ರೆಸರ್ ಸುತ್ತಲೂ ಕಪ್ಪು ರಬ್ಬರ್ ಪುಡಿ, ಕಾಡಿಗೆ ಚೆಲ್ಲಿದ ಹಾಗೆ.

ಆಮೇಲೆ ಸಿಕ್ಕ ಮೆಕ್ಯಾನಿಕ್ ಕೈಯಲ್ಲಿ ಒಂದು ಸ್ಟೀಲ್ ಪಟ್ಟಿ ಹಿಡಿದು ಬಂದರು. ಬೆಲ್ಟ್ ಓಡುವ ಚಕ್ರಕ್ಕೆ ಪುಲ್ಲಿ ಅನ್ನುತ್ತಾರೆ. ಇಂಜಿನ್ ಪುಲ್ಲಿ ಮುಖಕ್ಕೂ ಕಂಪ್ರೆಸರ್ ಪುಲ್ಲಿ ಮುಖಕ್ಕೂ ಸೇರಿಸಿ ಪಟ್ಟಿ ಇಟ್ಟರು. ಒಂದು ತುದಿಯಲ್ಲಿ ಬೆಳಕು ಕಾಣಿಸಿತು. "ನೋಡಣ್ಣ, ಇಷ್ಟೇ. ಬ್ರ್ಯಾಕೆಟ್ ಓರೆಯಾಗಿದೆ, ಬೆಲ್ಟ್ ಸೈಡಿಗೆ ಉಜ್ಜಿಕೊಂಡು ಓಡ್ತಿದೆ" ಅಂದರು. ಕಂಪ್ರೆಸರನ್ನು ಇಂಜಿನ್ನಿಗೆ ಹಿಡಿದಿಡುವ ಆ ಬ್ರ್ಯಾಕೆಟ್ಟನ್ನು ದಪ್ಪ ತಗಡಿನಲ್ಲಿ ಹೊಸದಾಗಿ ಮಾಡಿಸಿದರು. ಕಂಪ್ರೆಸರ್ ಇಂಜಿನ್ನಿನ ಮೈಗೇ ಬಿಗಿಯಾಗಿ ಕೂತಿರಬೇಕು. ಡೀಸೆಲ್ ಇಂಜಿನ್ನಿನ ನಡುಕಕ್ಕೆ ತೆಳು ಬ್ರ್ಯಾಕೆಟ್ ಬಿರುಕು ಬಿಡುತ್ತದೆ. ಇಡೀ ಕೆಲಸದಲ್ಲಿ ಜಾಸ್ತಿ ಗಮನ ಕೊಡಬೇಕಾದದ್ದು ಈ ಬ್ರ್ಯಾಕೆಟ್ಟಿಗೆ ಅಂತ ನನಗೆ ಅವತ್ತೇ ಗೊತ್ತಾಯಿತು.

ಬಿಸಿ ಹೊರಗೆ ಹೋಗುವ ದಾರಿ ಅಂದರೆ ಕಂಡೆನ್ಸರ್. ನೋಡೋಕೆ ತೆಳು ರೇಡಿಯೇಟರ್ ಇದ್ದ ಹಾಗೆ. ಅದನ್ನು ರೇಡಿಯೇಟರಿನ ಮುಂದೆ ಕೂರಿಸುತ್ತಾರೆ. ಇಲ್ಲೇ ತೊಂದರೆ ಶುರು. ಮೊದಲು ರೇಡಿಯೇಟರಿಗೆ ತಣ್ಣನೆ ಗಾಳಿ ನೇರವಾಗಿ ಬರುತ್ತಿತ್ತು. ಈಗ ಕಂಡೆನ್ಸರ್ ಬಿಸಿ ಮಾಡಿ ಬಿಟ್ಟ ಗಾಳಿ ಬರುತ್ತದೆ. ರೇಡಿಯೇಟರ್ ಒಳಗೆ ಕೆಸರು ಕಟ್ಟಿಕೊಂಡಿದ್ದರೆ ಲೋಡ್ ಹಾಕಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಏರುತ್ತದೆ. ಹಾಗಾಗಿ ಎಸಿಗೆ ಮೊದಲು ರೇಡಿಯೇಟರ್ ಕ್ಲೀನ್ ಮಾಡಿಸಿ. ಕಂಡೆನ್ಸರಿಗೆ ಬೇರೆ ಫ್ಯಾನ್ ಬೇಕೇ ಬೇಕು, ಇಲ್ಲದಿದ್ದರೆ ಟ್ರಾಫಿಕ್ಕಿನಲ್ಲಿ ನಿಂತಾಗ ಎಸಿ ಬರೀ ಗಾಳಿ ಊದುತ್ತದೆ.

ಆ ಫ್ಯಾನು, ಒಳಗಿನ ಬ್ಲೋವರ್, ಕಂಪ್ರೆಸರಿನ ಕ್ಲಚ್, ಮೂರಕ್ಕೂ ಕರೆಂಟ್ ಬೇಕು. ಗಾಡಿಯಲ್ಲಿ ಕರೆಂಟ್ ಹುಟ್ಟಿಸುವ ಹಳೇ ಆಲ್ಟರ್ನೇಟರ್ ಇದನ್ನೆಲ್ಲ ಲೆಕ್ಕ ಹಾಕಿ ಇಟ್ಟದ್ದಲ್ಲ. ರಾತ್ರಿ ಹೆಡ್‌ಲೈಟ್ ಜೊತೆ ಎಸಿ ಓಡಿದರೆ ಬ್ಯಾಟರಿ ಇಳಿಯಬಹುದು. ದೊಡ್ಡ ಆಲ್ಟರ್ನೇಟರ್, ಬೇರೆ ರಿಲೇ, ಬೇರೆ ಫ್ಯೂಸ್ ಹಾಕಿಸುವುದೇ ಸರಿ. ಹಳೇ ವೈರಿಗೆ ಸುಮ್ನೆ ಸಿಕ್ಕಿಸಿ ಟೇಪ್ ಸುತ್ತಿದರೆ ಬೆಂಕಿಗೆ ದಾರಿ.

ಗ್ಯಾಸ್ ತುಂಬುವ ಮೊದಲು 'ವ್ಯಾಕ್ಯೂಮ್' ಹಾಕುತ್ತಾರೆ. ಪೈಪಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ತೆಗೆಯುವುದು. ಒಳಗೆ ಒತ್ತಡ ತೀರಾ ಇಳಿದಾಗ ಅಲ್ಲಿರುವ ತೇವ ಬೆಂಕಿ ಇಲ್ಲದೆಯೇ ಕುದಿದು ಆವಿಯಾಗಿ ಹೊರಗೆ ಬರುತ್ತದೆ. ತೇವ ಉಳಿದರೆ, ಗ್ಯಾಸನ್ನು ಕೂಲಿಂಗ್ ಕಾಯಿಲಿಗೆ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ತೂತಲ್ಲಿ ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. ಪಂಪು ಅರ್ಧ ಗಂಟೆಯಾದರೂ ಓಡಲಿ. "ಐದೇ ನಿಮಿಷ" ಅನ್ನುವವರ ಹತ್ತಿರ ಮಾಡಿಸಬೇಡಿ.

ಎಸಿ ಕೆಲಸದವರ ನಡುವೆ ರೆಟ್ರೋಫಿಟ್‌ಗೆ ಇನ್ನೊಂದು ಅರ್ಥವೂ ಇದೆ. ಹಿಂದೆ ಗಾಡಿಗಳ ಎಸಿಗೆ ಆರ್-12 ಗ್ಯಾಸ್ ಬಳಸುತ್ತಿದ್ದರು. ಅದು ಓಝೋನ್ ಪದರಕ್ಕೆ ಹಾನಿ ಮಾಡುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಬಿಡುತ್ತಾ ಬಂದರು. ಅದರ ಜಾಗಕ್ಕೆ ಆರ್-134ಎ ಬಂತು. ಹಳೇ ಸಿಸ್ಟಮ್ಮನ್ನು ಹೊಸ ಗ್ಯಾಸಿಗೆ ಬದಲಾಯಿಸುವುದನ್ನೂ ರೆಟ್ರೋಫಿಟ್ ಅಂತಲೇ ಕರೆಯುತ್ತಾರೆ. ಆರ್-12 ಜೊತೆ ಬಳಸುತ್ತಿದ್ದ ಮಿನರಲ್ ಆಯಿಲ್ ಹೊಸ ಗ್ಯಾಸಿನ ಜೊತೆ ಬೆರೆಯುವುದಿಲ್ಲ. ಆಯಿಲ್ ಬದಲಿಸದೆ ಗ್ಯಾಸ್ ಮಾತ್ರ ತುಂಬಿದರೆ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ.

ನಮ್ಮ ದೇಶದಲ್ಲಿ 2025ರ ಅಕ್ಟೋಬರ್ 1ರಿಂದ ತಯಾರಾಗುವ 3.5 ಟನ್‌ಗಿಂತ ಜಾಸ್ತಿ ಒಟ್ಟು ತೂಕದ ಟ್ರಕ್ಕುಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ತುಂಬಾ ಒಳ್ಳೆಯ ನಿಯಮ. ಆದರೆ ಈಗಾಗಲೇ ರಸ್ತೆ ಮೇಲಿರುವ ಗಾಡಿಗಳಿಗೂ, ಅದಕ್ಕಿಂತ ಕಡಿಮೆ ತೂಕದ ಪಿಕಪ್ಪುಗಳಿಗೂ ಇದು ಅನ್ವಯಿಸುವುದಿಲ್ಲ. ಆ ಡ್ರೈವರುಗಳಿಗೆ ರೆಟ್ರೋಫಿಟ್ಟೇ ಗತಿ.

ಹಾಕಿಸುವವರು ಮೊದಲು ಡೋರ್ ರಬ್ಬರ್ ನೋಡಿ. ಪೆಡಲ್ ಹತ್ತಿರ, ಗೇರ್ ಲಿವರಿನ ಬುಡದ ಸುತ್ತ ಇರುವ ತೂತು ಮುಚ್ಚಿಸಿ. ಇಂಜಿನ್ ಬಿಸಿ ಅಲ್ಲಿಂದಲೇ ಒಳಗೆ ನುಗ್ಗುತ್ತದೆ. ಕೂಲಿಂಗ್ ಕಾಯಿಲ್ ಮೇಲೆ ಕಟ್ಟುವ ನೀರು ಹೊರಗೆ ಹೋಗುವ ಪೈಪೂ ಇಳಿಜಾರಾಗಿರಲಿ, ಎಲ್ಲೂ ಮಡಚಿರಬಾರದು. ಮಾವನ ಗಾಡಿ ಈಗ ಮಂಡಿಯಲ್ಲಿ ನಿಂತರೆ ಕ್ಯಾಬಿನ್ ಕೆಳಗೆ ತೊಟ್ಟಿಕ್ಕುತ್ತಿರುತ್ತದೆ. "ಅಣ್ಣ, ನೀರು ಲೀಕ್ ಆಗ್ತಿದೆ" ಅಂತ ಯಾರಾದರೂ ಬಂದು ಹೇಳಿದಾಗಲೆಲ್ಲ ಮಾವ ಡೋರ್ ತೆಗೆದು ಅವರನ್ನು ಎರಡು ನಿಮಿಷ ಒಳಗೆ ಕೂರಿಸುತ್ತಾರೆ.