ಕಾಮಣಿ ಒಂದೇ ರೋಗವಲ್ಲ: ಹೊಟ್ಟೆ-ಲಿವರ್ ವೈದ್ಯರ ಒಪಿಡಿಯಿಂದ

ರಾಯಚೂರು ಸೀಮೆಯಲ್ಲಿ ಕಾಮಣಿಗೆ ಔಷಧಿ ಹಾಕುವವರಿಗೆ ಬರವಿಲ್ಲ. ಒಂದೂರಲ್ಲಿ ಎಲೆಯ ರಸ ಮೂಗಿಗೆ ಬಿಡುತ್ತಾರೆ, ಇನ್ನೊಂದೂರಲ್ಲಿ ಬೇರು ಅರೆದು ಹಾಲಲ್ಲಿ ಕುಡಿಸುತ್ತಾರೆ, ಮತ್ತೊಂದು ಕಡೆ ಮುಂಗೈಗೆ ಬರೆ ಹಾಕಿ ಕಳಿಸುತ್ತಾರೆ. ನಮ್ಮ ಒಪಿಡಿಗೆ ಬರುವ ಬಹಳಷ್ಟು ಮಂದಿ ಮೊದಲು ಅಲ್ಲಿಗೆ ಹೋಗಿ ಬಂದವರೇ. "ಮೂರು ಐತಾರ ಹಾಕಿಸೀವ್ರಿ ಸರ, ಆದ್ರೂ ಇಳಿವಲ್ದು" ಅನ್ನುತ್ತಾರೆ.

ಇಳಿದವರು ನನ್ನ ತನಕ ಬರುವುದೇ ಇಲ್ಲ. ಹಾಗೆ ಇಳಿದವರೇ ಹೆಚ್ಚು, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಮಕ್ಕಳಲ್ಲಿ, ಹರೆಯದವರಲ್ಲಿ ನಾಲ್ಕು ದಿನ ಜ್ವರ, ವಾಕರಿಕೆ, ಊಟ ಸೇರದಿರುವುದು, ಆಮೇಲೆ ಕಣ್ಣು ಹಳದಿ, ಹೀಗೆ ಬರುವ ಕಾಮಣಿಯಲ್ಲಿ ದೊಡ್ಡ ಪಾಲು ಲಿವರ್ ಉರಿಯೂತ ತರುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳದ್ದು. ಇವಕ್ಕೆ ಔಷಧಿ ಕೊಟ್ಟರೂ ಕೊಡದಿದ್ದರೂ ಎರಡರಿಂದ ಆರು ವಾರದಲ್ಲಿ ಹೆಚ್ಚಿನವರಿಗೆ ತಾನಾಗಿ ಗುಣವಾಗುತ್ತದೆ. ಮೂರು ಐತಾರ ಕಳೆಯುವುದಕ್ಕೂ ವೈರಸ್ಸು ದೇಹ ಬಿಡುವುದಕ್ಕೂ ಸರಿಹೋಗುತ್ತದೆ, ಹೆಸರು ಎಲೆಗೆ ಬರುತ್ತದೆ. ನಾನು ಗ್ಲೂಕೋಸ್ ಬಾಟಲಿ ಏರಿಸಿದ್ದರೆ ಅದೇ ಹೆಸರು ನನಗೆ ಬರುತ್ತಿತ್ತು. ಪಟ್ಟಣದ ಎಷ್ಟೋ ಕ್ಲಿನಿಕ್ಕುಗಳು ಬದುಕಿರುವುದೂ ಇದರ ಮೇಲೆಯೇ.

ಗಿಡಮೂಲಿಕೆಯನ್ನು ವಿಜ್ಞಾನ ಮುಟ್ಟಿಯೇ ನೋಡಿಲ್ಲ ಎಂಬ ಮಾತೂ ಸರಿಯಲ್ಲ. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರು ಮದರಾಸಿನ ಸಂಶೋಧಕರ ಜೊತೆ ಸೇರಿ ನಮ್ಮ ಹೊಲದ ಬದುವಿನ ನೆಲನೆಲ್ಲಿಯನ್ನೇ ಆ ವೈರಸ್ಸಿನ ಮೇಲೆ ಪರೀಕ್ಷೆಗೆ ಹಚ್ಚಿದ್ದರು. 1988ರಲ್ಲಿ ಪ್ರಕಟವಾದ ಮೊದಲ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಬೇರೆ ಕಡೆ ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಇನ್ನೊಂದು ಬದಿಯೂ ಇದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯವನ್ನು ದಿನಾ ಕುಡಿದ ಕೆಲವರಿಗೆ ಲಿವರ್ ಉರಿಯೂತ ಬಂದ ಪ್ರಕರಣಗಳನ್ನು ದೇಶದ ಹಲವು ಆಸ್ಪತ್ರೆಗಳ ವೈದ್ಯರು ವರದಿ ಮಾಡಿದರು. ಗಿಡದ್ದು ಎಂದ ಮಾತ್ರಕ್ಕೆ ಲಿವರ್ ಅದನ್ನು ಸುಮ್ಮನೆ ಬಿಟ್ಟುಕೊಳ್ಳುವುದಿಲ್ಲ.

ಹೆಪಟೈಟಿಸ್ ಎ, ಇ ಎರಡೂ ವೈರಸ್ಸುಗಳ ದಾರಿ ಒಂದೇ: ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ. ತುಂಗಭದ್ರಾ ಎಡದಂಡೆ ಕಾಲುವೆ ನಿಲ್ಲಿಸಿದ ಮೇಲೆ ಸಿಂಧನೂರು, ಮಸ್ಕಿ, ಮಾನ್ವಿ ಕಡೆಯ ಎಷ್ಟೋ ಊರುಗಳು ಕೆರೆಯಲ್ಲಿ ತುಂಬಿಟ್ಟುಕೊಂಡ ನೀರಿನ ಮೇಲೆಯೇ ಬೇಸಿಗೆ ಕಳೆಯಬೇಕು. ಊರೊಳಗೆ ನಳದ ಪೈಪು ಚರಂಡಿಯಲ್ಲೇ ಹಾದು ಹೋಗಿರುತ್ತದೆ. ನೀರು ಬಿಟ್ಟಾಗ ತೊಂದರೆ ಕಾಣುವುದಿಲ್ಲ. ನಿಲ್ಲಿಸಿದಾಗ ಪೈಪಿನೊಳಗೆ ಒತ್ತಡ ಇಳಿದು ಒಡಕಿನಿಂದ ಚರಂಡಿ ನೀರು ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಮೊದಲು ಬರುವ ಕೊಡಗಳಲ್ಲಿ ಇರುವುದು ಅದೇ. ಸೋಂಕು ತಗುಲಿ ಕಣ್ಣು ಹಳದಿಯಾಗಲು ಸಾಮಾನ್ಯವಾಗಿ ನಾಲ್ಕಾರು ವಾರ ಬೇಕು. ಹೀಗಾಗಿ ಯಾವ ನೀರಿನಿಂದ ಬಂತೆಂದು ಯಾರಿಗೂ ನೆನಪಿರುವುದಿಲ್ಲ. ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿದರೆ ವೈರಸ್ ಸಾಯುತ್ತದೆ. ಇನ್ನು ಕಾಮಣಿಗೆ ತಂಪೆಂದು ದಿನಾ ಕುಡಿಸುವ ಕಬ್ಬಿನ ಹಾಲಿನ ಮಾತು. ಅದಕ್ಕೆ ಹಾಕುವ ಐಸು ಯಾವ ನೀರಿನದೆಂದು ಅಂಗಡಿಯವನನ್ನು ಒಮ್ಮೆ ಕೇಳಿ ನೋಡಿ.

ಪಥ್ಯದ ಬಗ್ಗೆ ಒಂದೇ ಮಾತು: ಅರಿಶಿನ ತಿಂದು ಕಣ್ಣು ಹಳದಿಯಾಗುವುದಿಲ್ಲ. ಉಪ್ಪು, ಎಣ್ಣೆ, ಬ್ಯಾಳಿ ಎಲ್ಲ ಬಿಡಿಸಿ ಬರೀ ಗಂಜಿಯ ಮೇಲೆ ತಿಂಗಳು ಕೂರಿಸಿದರೆ ಲಿವರ್ ಚೇತರಿಸಿಕೊಳ್ಳುವುದು ನಿಧಾನವಾಗುತ್ತದೆ. ರೊಟ್ಟಿ, ಬ್ಯಾಳಿ, ಮೊಸರು, ತತ್ತಿ, ಸೇರಿದ್ದನ್ನು ತಿನ್ನಲಿ. ಬಿಡಬೇಕಾದದ್ದು ಸೆರೆ, ಸೇಂದಿ ಮತ್ತು ಕೇಳದೆ ನುಂಗುವ ಗುಳಿಗೆ.

ಹಾಗಾದರೆ ಯಾರು ಓಡಿ ಬರಬೇಕು?

ಹಳದಿ ಬಣ್ಣದ ಮೂಲ ಬಿಲಿರುಬಿನ್. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕಿ ಒಡೆದಾಗ ಇದು ಹುಟ್ಟುತ್ತದೆ. ಲಿವರ್ ಅದನ್ನು ನೀರಲ್ಲಿ ಕರಗುವಂತೆ ಮಾಡಿ ಪಿತ್ತರಸದ ಜೊತೆ ಪಿತ್ತನಾಳದ ಮೂಲಕ ಕರುಳಿಗೆ ಕಳಿಸುತ್ತದೆ. ಮಲಕ್ಕೆ ಬಣ್ಣ ಬರುವುದು ಅದರಿಂದಲೇ. ಕಾಲುವೆಯ ಕೊನೆ ಭಾಗದ ಹೊಲಕ್ಕೆ ನೀರು ಬರಲಿಲ್ಲವೆಂದರೆ ಮೇಲೆ ಎಲ್ಲೋ ಕಟ್ಟಿದೆ ಎಂದು ನಮ್ಮ ರೈತರು ಕೂತಲ್ಲೇ ಹೇಳುತ್ತಾರೆ. ಮಲ ಸುಣ್ಣದಂತೆ ಬಿಳಿಚಿಕೊಂಡಿದ್ದರೆ ನಾನೂ ಅಷ್ಟೇ ಹೇಳುತ್ತೇನೆ. ಆದ್ದರಿಂದ ಕಾಮಣಿ ಅಂದ ಕೂಡಲೇ ನಾನು ಕೇಳುವುದು ಮಲದ ಬಣ್ಣ, ಮೂತ್ರದ ಬಣ್ಣ, ಮೈ ತುರಿಕೆ. ಕೆಲವರು ನಾಚಿಕೊಳ್ಳುತ್ತಾರೆ. ಆದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಹೊಟ್ಟೆಯ ಬಲಬದಿ ಹಿಂಡಿದಂಥ ನೋವು, ಚಳಿ ನಡುಕದ ಜ್ವರ, ಜೊತೆಗೆ ಹಳದಿ ಇದ್ದರೆ ಪಿತ್ತನಾಳದಲ್ಲಿ ಹರಳು ಸಿಕ್ಕಿ ಕೀವು ಹಿಡಿಯುತ್ತಿರಬಹುದು. ಇದು ದಿನದ ಲೆಕ್ಕವಲ್ಲ, ತಾಸಿನ ಲೆಕ್ಕ. ಬಾಯಿಯಿಂದ ಎಂಡೋಸ್ಕೋಪಿ ನಳಿಕೆ ಇಳಿಸಿ ಹರಳು ತೆಗೆಯಬಹುದು. ಐವತ್ತು ದಾಟಿದವರಿಗೆ ನೋವೇ ಇಲ್ಲದೆ ಹಳದಿ ಏರುತ್ತಾ, ತುರಿಕೆ ಹೆಚ್ಚುತ್ತಾ, ತೂಕ ಇಳಿಯುತ್ತಾ ಬಂದರೆ ಮೇದೋಜೀರಕ ಗ್ರಂಥಿಯ ಅಥವಾ ಪಿತ್ತನಾಳದ ಗಡ್ಡೆಯನ್ನು ಹುಡುಕಲೇಬೇಕು. ನೋವಿಲ್ಲ ಎಂಬ ಸಮಾಧಾನದಲ್ಲಿ ಮೂರು ತಿಂಗಳು ಔಷಧಿ ಹಾಕಿಸಿಕೊಂಡು ಬರುವವರು ಇವರೇ.

ರೋಗಿಯ ಮನೆಯವರು "ಕಾಮಣಿ ಎಷ್ಟೈತ್ರಿ?" ಎಂದು ಬಿಲಿರುಬಿನ್ ಅಂಕಿ ಹಿಡಿದು ಕೂರುತ್ತಾರೆ. ಹದಿನೈದು ಎಂದರೆ ಅಳು, ಎಂಟು ಎಂದರೆ ನಿರಾಳ. ನಾನು ಮೊದಲು ನೋಡುವುದು ಬೇರೆ: ರಕ್ತ ಹೆಪ್ಪುಗಟ್ಟುವ ಐಎನ್‌ಆರ್ ಪರೀಕ್ಷೆ ಮತ್ತು ರೋಗಿಯ ನಿದ್ದೆ. ಐಎನ್‌ಆರ್ ಸಾಮಾನ್ಯವಾಗಿ ಒಂದರ ಆಸುಪಾಸು. ಅದು 1.5 ದಾಟಿ, ಹಗಲೆಲ್ಲ ಮಂಪರು, ರಾತ್ರಿ ಎಚ್ಚರ, ಮಾತು ತಡವರಿಕೆ ಶುರುವಾದರೆ ಲಿವರ್ ಕೈಚೆಲ್ಲುತ್ತಿದೆ ಎಂದರ್ಥ. ಆಗ ಹಳದಿ ಎಷ್ಟೇ ಇರಲಿ, ಅದೇ ದಿನ ದೊಡ್ಡಾಸ್ಪತ್ರೆಗೆ ಸೇರಿಸಬೇಕು. ಬಸುರಿಯರ ಲೆಕ್ಕ ಇನ್ನೂ ಕಠಿಣ. ಹೆಪಟೈಟಿಸ್ ಇ ಕೊನೆಯ ಮೂರು ತಿಂಗಳಲ್ಲಿ ಬಂದರೆ ಐವರಲ್ಲಿ ಒಬ್ಬರವರೆಗೂ ಸಾವು ಸಂಭವಿಸಬಹುದು. ಏಳು ತಿಂಗಳ ಬಸುರಿಗೆ ಕಣ್ಣು ಹಳದಿಯಾದರೆ ಐತಾರದ ತನಕ ಕಾಯುವ ಮಾತೇ ಇಲ್ಲ. ಇಲಿ ಪಾಷಾಣದ ಪೇಸ್ಟು ಹೊಟ್ಟೆಗೆ ಹೋದವರದೂ ಹಾಗೆಯೇ. ಮೊದಲ ದಿನ ವಾಂತಿ, ಆಮೇಲೆ ಒಂದೆರಡು ದಿನ ಏನೂ ಇಲ್ಲದಂತೆ ಎದ್ದು ಓಡಾಡುತ್ತಾರೆ, ಆಮೇಲೆ ಹಳದಿ. ನಡುವಿನ ಆ ಆರಾಮನ್ನು ನಂಬಿ ಮನೆಗೆ ಕರೆದೊಯ್ಯಬೇಡಿ.

ಇನ್ನು ಅಪರೂಪದವು. ಅಪರೂಪ ಎಂಬುದು ಪುಸ್ತಕದ ಲೆಕ್ಕ, ನಮ್ಮ ಭಾಗದಲ್ಲಿ ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿ ಇರುವುದರಿಂದ ಕೆಲವು ರೋಗಗಳು ಪುಸ್ತಕಕ್ಕಿಂತ ಹೆಚ್ಚೇ ಕಣ್ಣಿಗೆ ಬೀಳುತ್ತವೆ. ಬ್ರಿಟನ್ನಿನ ನರವೈದ್ಯ ಕಿನ್ನಿಯರ್ ವಿಲ್ಸನ್ 1912ರಲ್ಲಿ ವಿವರಿಸಿದ ವಿಲ್ಸನ್ ಕಾಯಿಲೆ ಅಂಥದ್ದು. ಊಟದಲ್ಲಿ ಬರುವ ತಾಮ್ರವನ್ನು ಪಿತ್ತರಸದ ಮೂಲಕ ಹೊರಹಾಕಲು ಲಿವರಿಗೆ ಬರುವುದಿಲ್ಲ. ಅದು ಲಿವರಿನಲ್ಲಿ, ಆಮೇಲೆ ಮಿದುಳಿನಲ್ಲಿ, ಕಣ್ಣಿನಲ್ಲಿ ಜಮೆಯಾಗುತ್ತದೆ. ಒಬ್ಬ ಹತ್ತನೇ ಇಯತ್ತೆ ಹುಡುಗ ನೆನಪಾಗುತ್ತಾನೆ. ಎರಡು ವರ್ಷದ ಹಿಂದೆ ಕಾಮಣಿಯಾಗಿ ತಾನೇ ಇಳಿದಿತ್ತು. ಈಗ ಅಕ್ಷರ ಕೆಟ್ಟಿದೆ, ಮಾತು ಎಳೆಯುತ್ತದೆ, ಓದಿನಲ್ಲಿ ಮನಸ್ಸಿಲ್ಲ ಎಂದು ಮಾಸ್ತರರ ದೂರು. ಅಪ್ಪ ಅವನ ನೋಟ್‌ಬುಕ್ಕನ್ನೇ ತಂದಿದ್ದರು: ಎಂಟನೇ ತರಗತಿಯದು ಮುತ್ತಿನಂತೆ, ಹತ್ತನೆಯದು ಗೆರೆ ಬಿಟ್ಟು ಓಡುವಂತೆ. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದು-ಹಸಿರು ಉಂಗುರವೂ ಸಿಕ್ಕಿತು. ಈ ರೋಗಕ್ಕೆ ಗುಳಿಗೆಗಳಿವೆ, ಬದುಕಿಡೀ ನುಂಗಬೇಕು. ಗುಣವಾಯಿತೆಂದು ನಿಲ್ಲಿಸಿದರೆ ಲಿವರ್ ದಿಢೀರನೆ ಕೆಡುತ್ತದೆ. ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲೊಂದು ಪಾಲು ಇದು ಇರುವ ಸಾಧ್ಯತೆಯಿದೆ. ಆರಾಮಾಗಿದ್ದರೂ ಪರೀಕ್ಷೆ ಮಾಡಿಸಬೇಕು. ಆ ಹುಡುಗನ ತಂಗಿಗೂ ಸಿಕ್ಕಿತು. ರೋಗ ತೋರುವ ಮೊದಲೇ ಗುಳಿಗೆ ಶುರುವಾದ್ದರಿಂದ ಅವಳು ಆರಾಮಾಗಿದ್ದಾಳೆ.

ಇನ್ನೊಂದು, ಕೂಸುಗಳದು. ಹುಟ್ಟಿದ ಮೊದಲ ವಾರ ಹಳದಿಯಾಗುವುದು ಸಾಮಾನ್ಯ, ದಿನ ತುಂಬಿ ಹುಟ್ಟಿದ ಕೂಸಿಗೆ ಎರಡು ವಾರದೊಳಗೆ ಇಳಿಯಬೇಕು. ಎರಡು ವಾರ ದಾಟಿದರೂ ಹಳದಿ ಇದ್ದು, ಮಲ ಬಿಳಿಚಿಕೊಂಡು, ಮೂತ್ರ ಬಟ್ಟೆಗೆ ಹಳದಿ ಕಲೆ ಹಚ್ಚುತ್ತಿದ್ದರೆ ಅದು ಬಿಲಿಯರಿ ಅಟ್ರೀಸಿಯಾ ಇರಬಹುದು. ಲಿವರಿನ ಹೊರಗಿನ ಪಿತ್ತನಾಳ ಮುಚ್ಚಿಹೋಗುವ ರೋಗ. ಜಪಾನಿನ ಕಸಾಯಿ ಎಂಬ ಸರ್ಜನ್ ರೂಪಿಸಿದ ಶಸ್ತ್ರಚಿಕಿತ್ಸೆ ಇದಕ್ಕಿದೆ. 60 ದಿನದೊಳಗೆ ಮಾಡಿದರೆ ಫಲ ಚೆನ್ನಾಗಿರುತ್ತದೆ, ದಿನ ಕಳೆದಂತೆ ಲಿವರ್ ಕಸಿಯೊಂದೇ ದಾರಿ ಉಳಿಯುತ್ತದೆ. ತೊಂದರೆಯೆಂದರೆ ಮೊದಮೊದಲು ಈ ಕೂಸು ಚೆನ್ನಾಗಿ ಹಾಲು ಕುಡಿಯುತ್ತದೆ, ಮೈಕೈ ತುಂಬಿಕೊಂಡಿರುತ್ತದೆ. "ಎಳೆ ಬಿಸಿಲಿಗೆ ಹಿಡೀರಿ" ಎಂದು ಹಿರಿಯರು ಹೇಳುತ್ತಾರೆ, ಕೆಲ ವೈದ್ಯರೂ ಹೇಳುತ್ತಾರೆ. ಬಿಸಿಲಿನಲ್ಲಿ ಕಳೆದದ್ದು ಆ ಅರವತ್ತರಲ್ಲಿನ ದಿನಗಳು. ಹೊಟ್ಟೆಗೆ ಬರೆ ಹಾಕಿಸಿಕೊಂಡು ಮೂರನೇ ತಿಂಗಳಲ್ಲಿ ಬರುವ ಕೂಸುಗಳನ್ನು ನೋಡಿದಾಗ ಸಿಟ್ಟು ಬರುತ್ತದೆ, ತಾಯಿಯ ಮೇಲಂತೂ ಅಲ್ಲ. ತೌರುಮನೆಯ ಬಾಣಂತನದಲ್ಲಿ ಅವಳ ಮಾತು ಕೇಳುವವರು ಯಾರು? ಕೂಸಿನ ಮಲದ ಬಟ್ಟೆಯನ್ನು ಹಾಗೇ ಸುತ್ತಿ ತನ್ನಿ, ಇಲ್ಲವೇ ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿ. ಅಷ್ಟು ಸಾಕು.

ಎಲ್ಲ ಹಳದಿಯೂ ಹೆದರಿಕೆಯದಲ್ಲ. ಶ್ರಾವಣದ ಉಪವಾಸದಲ್ಲಿ, ಪರೀಕ್ಷೆಯ ನಿದ್ದೆಗೇಡಿನಲ್ಲಿ ಕಣ್ಣು ತುಸು ಹಳದಿಯಾಗಿ ಉಂಡು ಮಲಗಿದರೆ ಹೋಗುವುದು, ಉಳಿದ ಪರೀಕ್ಷೆಗಳೆಲ್ಲ ಸರಿ ಇರುವುದು: ಇದು ಗಿಲ್ಬರ್ಟ್ ಎಂಬ ಹುಟ್ಟುಗುಣ. ಔಷಧಿ ಬೇಡ, ಬರೆಯಂತೂ ಬೇಡವೇ ಬೇಡ.

ಕೊನೆಯದು ಹೆಪಟೈಟಿಸ್ ಬಿ. ಇದು ಹೆಚ್ಚಿನಂಶ ಸದ್ದಿಲ್ಲದೆ ಇರುತ್ತದೆ. ರಕ್ತದಾನಕ್ಕೋ ಹೆರಿಗೆಗೋ ಹೋದಾಗ ಪಾಸಿಟಿವ್ ಎಂದು ಗೊತ್ತಾಗುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿ ಅದನ್ನು ಕಳೆದುಕೊಳ್ಳುತ್ತಾರೆ. ಹೆರಿಗೆಯಲ್ಲಿ ತಾಯಿಯಿಂದ ಕೂಸಿಗೆ ಬಂದರೆ ನೂರಕ್ಕೆ ತೊಂಬತ್ತರಷ್ಟು ಕೂಸುಗಳಲ್ಲಿ ಬದುಕಿಡೀ ಉಳಿಯುತ್ತದೆ, ಮುಂದೆ ಸಿರೋಸಿಸ್ (ಲಿವರ್ ಗಾಯಗಟ್ಟಿ ಗಟ್ಟಿಯಾಗುವುದು), ಕ್ಯಾನ್ಸರ್ ಆಗಬಹುದು. ಅದಕ್ಕೇ ಹುಟ್ಟಿದ 24 ತಾಸಿನೊಳಗಿನ ಲಸಿಕೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಗುಳಿಗೆ ಎರಡೂ ಉಚಿತ. ಸಿ ಬಂದವರು ಸಾಮಾನ್ಯವಾಗಿ 12 ವಾರ ಗುಳಿಗೆ ತೆಗೆದುಕೊಂಡರೆ ಪೂರ್ತಿ ಗುಣವಾಗುತ್ತಾರೆ. ಆದರೆ ಪಾಸಿಟಿವ್ ಎಂದ ಕೂಡಲೇ ಮನೆಯಲ್ಲಿ ನಡೆಯುವುದು ಬೇರೆ: ಸೊಸೆಗೆ ಬೇರೆ ತಾಟು, ಬೇರೆ ಚಂಬು, ಅಡುಗೆಮನೆಗೆ ಬರಬೇಡ ಎಂಬ ಮಾತು. ಕೂಡಿ ಉಂಡರೆ ಈ ವೈರಸ್ ಬರುವುದಿಲ್ಲ, ಅವಳು ತಟ್ಟಿದ ರೊಟ್ಟಿಯಿಂದಲೂ ಬರುವುದಿಲ್ಲ. ಬೇರೆ ಇಡಬೇಕಾದದ್ದು ಬ್ಲೇಡು, ಹಲ್ಲಿನ ಬ್ರಷ್ಷು, ಉಗುರು ಕತ್ತರಿ. ಗಂಡ, ಮಕ್ಕಳು, ಒಡಹುಟ್ಟಿದವರೆಲ್ಲ ಒಮ್ಮೆ ರಕ್ತ ಕೊಟ್ಟು, ನೆಗೆಟಿವ್ ಬಂದವರು ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಲಿ: ಇವತ್ತು ಒಂದು, ಒಂದು ತಿಂಗಳಾದ ಮೇಲೆ ಒಂದು, ಆರನೇ ತಿಂಗಳಿಗೆ ಒಂದು.