“ಮಿಸ್, ಯಾರಿಗೂ ಹೇಳಲ್ಲ ಅಲ್ವಾ?”: ಶಾಲಾ ಸಮಾಲೋಚನೆಯಲ್ಲಿ ಗೋಪ್ಯತೆಯ ಮಿತಿ

ಬಿ.ಎಡ್.ಗೆ ‘ಮಾರ್ಗದರ್ಶನ ಮತ್ತು ಸಮಾಲೋಚನೆ’ ಓದುವಾಗ ನಾವು ವಿಧಗಳು, ತತ್ವಗಳು ಅಂತ ಬಾಯಿಪಾಠ ಮಾಡುವುದೇ ಜಾಸ್ತಿ. ಗೋಪ್ಯತೆ ಆ ಪಟ್ಟಿಯಲ್ಲಿ ಒಂದು ಸಾಲಾಗಿ ಬಂದು ಹೋಗುತ್ತದೆ. ಶಾಲೆಯಲ್ಲಿ ಮಾತ್ರ ದಿನಾ ಎದುರಾಗುವುದು ಅದೇ. ಹಾಗಾಗಿ ಈ ಟಿಪ್ಪಣಿಯಲ್ಲಿ ಹೆಚ್ಚಿನ ಜಾಗ ಅದಕ್ಕೆ.

ಹಿನ್ನೆಲೆ ಚಿಕ್ಕದಾಗಿ ನೋಡೋಣ. 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಅಮೆರಿಕದ ಬೋಸ್ಟನ್‌ನಲ್ಲಿ ವೃತ್ತಿ ಮಾರ್ಗದರ್ಶನ ಕೇಂದ್ರ ಶುರು ಮಾಡಿದರು. ತನ್ನನ್ನು ತಾನು ಅರಿಯುವುದು, ಕೆಲಸಗಳ ಬಗ್ಗೆ ತಿಳಿಯುವುದು, ಎರಡನ್ನೂ ಹೊಂದಿಸಿ ನೋಡುವುದು: ಇದು ಅವರ ದಾರಿ. ಎಸ್ಸೆಸ್ಸೆಲ್ಸಿ ಆದಮೇಲೆ ಸೈನ್ಸೋ, ಕಾಮರ್ಸೋ, ಐಟಿಐಯೋ ಎಂದು ಕೇಳುವ ಮಕ್ಕಳಿಗೆ ಇವತ್ತಿಗೂ ಇದು ಒಳ್ಳೆಯ ಶುರು. ಇದು ಮಾರ್ಗದರ್ಶನ. ಸಮಾಲೋಚನೆಯಲ್ಲಿ ಮಗು ಮಾತಾಡಬೇಕು, ನಾವು ಕೇಳಿಸಿಕೊಳ್ಳಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಹೇಳಿದ್ದರಲ್ಲಿ ಮೂರು ನೆನಪಿರಲಿ: ಮಗುವಿನ ಜಾಗದಲ್ಲಿ ನಿಂತು ನೋಡುವುದು, ಷರತ್ತಿಲ್ಲದೆ ಒಪ್ಪಿಕೊಳ್ಳುವುದು, ಒಳಗೊಂದು ಹೊರಗೊಂದು ಇಲ್ಲದಿರುವುದು. ಈ ಮೂರನೆಯದೇ ನಮ್ಮ ವಿಷಯಕ್ಕೆ ಬುನಾದಿ.

ಒಂದು ಪ್ರಸಂಗ ಕಲ್ಪಿಸಿಕೊಳ್ಳಿ. ಪೀಣ್ಯದ ಹತ್ತಿರ ಒಂದು ಹೈಸ್ಕೂಲು. ಒಂಬತ್ತನೇ ತರಗತಿಯ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ತಮ್ಮನನ್ನು ನೋಡಿಕೊಳ್ಳುವುದು ಇವಳೇ. ಏಳನೇವರೆಗೆ ಕನ್ನಡ ಮಾಧ್ಯಮ, ಎಂಟಕ್ಕೆ ಇಂಗ್ಲಿಷ್. ಅಂಕ ಇಳಿದಿದೆ, ಮಾತು ಕಮ್ಮಿಯಾಗಿದೆ. ಒಂದು ದಿನ ಸ್ಟಾಫ್‌ರೂಮ್ ಬಾಗಿಲಿಗೆ ಬಂದು, “ಮಿಸ್, ಒಂದು ವಿಷಯ ಹೇಳ್ಬೇಕು. ಯಾರಿಗೂ ಹೇಳಲ್ಲ ಅಲ್ವಾ?” ಅನ್ನುತ್ತಾಳೆ.

‘ಇಲ್ಲಮ್ಮ, ಹೇಳಲ್ಲ’ ಎಂಬ ಮಾತು ನಾಲಿಗೆ ತುದಿಗೆ ಬಂದುಬಿಡುತ್ತದೆ. ದಯವಿಟ್ಟು ಅದನ್ನು ಹೇಳಬೇಡಿ. ಅವಳು ಏನು ಹೇಳಲಿದ್ದಾಳೆ ಎಂಬುದು ನಮಗಿನ್ನೂ ಗೊತ್ತಿಲ್ಲ.

ಪಾಠ ಅರ್ಥವಾಗುತ್ತಿಲ್ಲ, ಮನೆಯಲ್ಲಿ ಹೇಳಲು ಭಯ ಎಂದರೆ ಅದು ನಮ್ಮಲ್ಲೇ ಉಳಿಯಬೇಕು. ಪಕ್ಕದ ತರಗತಿಯ ಹುಡುಗ ಇಷ್ಟ ಎಂದರೂ ಅಷ್ಟೇ. ಸ್ಟಾಫ್‌ರೂಮಿನಲ್ಲಿ ಟೀ ಕುಡಿಯುತ್ತಾ ಆಡಿದ ಒಂದು ಮಾತು ಪೋಷಕರ ಸಭೆಯವರೆಗೂ ಹೋಗಿ, ಹುಡುಗಿಯ ಓದನ್ನೇ ನಿಲ್ಲಿಸಬಹುದು. ಗೋಪ್ಯತೆ ಜಾಸ್ತಿ ಮುರಿಯುವುದು ಇಂಥ ಕಡೆಯೇ ಎಂದು ನನಗನಿಸುತ್ತದೆ.

ಆದರೆ ಯಾರೋ ಲೈಂಗಿಕವಾಗಿ ಹಿಂಸಿಸುತ್ತಿದ್ದಾರೆ ಎಂದರೆ? ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ, 2012ರ ಸೆಕ್ಷನ್ 19ರ ಪ್ರಕಾರ, ವಿಷಯ ತಿಳಿದವರು ಪೊಲೀಸರಿಗೆ ಇಲ್ಲವೇ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಶಿಕ್ಷಕರಿಗೆ, ಸಮಾಲೋಚಕರಿಗೆ ವಿನಾಯಿತಿ ಇಲ್ಲ. ತಿಳಿಸದಿದ್ದರೆ ಸೆಕ್ಷನ್ 21ರಡಿ ಶಿಕ್ಷೆ ಇದೆ. ಶಾಲೆಯ ಹೆಸರು ಕೆಡುತ್ತದೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಹೇಳಲ್ಲ ಎಂದು ಮಾತು ಕೊಟ್ಟು ಆಮೇಲೆ ಹೇಳಿದರೆ, ಒಮ್ಮೆ ದೊಡ್ಡವರಿಂದ ಮೋಸಹೋದ ಮಗು ಮತ್ತೆ ಮೋಸಹೋಗುತ್ತದೆ.

ಹಾಗಾದರೆ ಏನನ್ನಬೇಕು? ಹೀಗೆ ಹೇಳಬಹುದು: “ನೀನು ಹೇಳಿದ್ದನ್ನ ಸುಮ್ನೆ ಯಾರ ಹತ್ರಾನೂ ಆಡಲ್ಲಮ್ಮ. ನಿನಗೆ ಅಪಾಯ ಇದೆ ಅನ್ಸಿದ್ರೆ ಮಾತ್ರ, ನಿನ್ನ ಕಾಪಾಡೋವ್ರಿಗೆ ಹೇಳ್ಬೇಕಾಗುತ್ತೆ. ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೇ ತಿಳಿಸ್ತೀನಿ.” ಇದನ್ನು ಕೇಳಿ ಅವಳು ‘ಏನಿಲ್ಲ ಮಿಸ್’ ಅಂತ ವಾಪಸ್ ಹೋಗಬಹುದು. ಬೆನ್ನು ಹತ್ತಬೇಡಿ, ಬಿಟ್ಟೂ ಬಿಡಬೇಡಿ. ಮರುದಿನ ನೀವೇ ಮಾತಾಡಿಸಿ.

ಸಾಯಬೇಕು ಅನಿಸುತ್ತಿದೆ ಎಂದರೂ ಗುಟ್ಟು ನಿಲ್ಲುವುದಿಲ್ಲ. ಸಂಶಯ ಬಂದರೆ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. ಮಗುವನ್ನು ಒಂಟಿಯಾಗಿ ಬಿಡದೆ, ಮನೆಯವರನ್ನು ಕರೆಸಿ. ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಮ್ಮ ಬೆಂಗಳೂರಿನ ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸೇ ಮುಖ್ಯ ಕೇಂದ್ರ. ಮಕ್ಕಳ ಸಹಾಯವಾಣಿ 1098. ಮೊಬೈಲ್ ಗೀಳು ಕೈಮೀರಿದ್ದರೆ ನಿಮ್ಹಾನ್ಸ್‌ನ ‘ಶಟ್’ ಕ್ಲಿನಿಕ್ ಇದೆ.

ದಾಖಲೆ ಬರೆಯುವಾಗ ಮಗು ಆಡಿದ ಮಾತನ್ನು ಅದರದೇ ಪದಗಳಲ್ಲಿ, ದಿನಾಂಕ ಹಾಕಿ ಬರೆಯಿರಿ. ನಿಮ್ಮ ಊಹೆ ಸೇರಿಸಬೇಡಿ. ವಿವರಕ್ಕಾಗಿ ಪದೇ ಪದೇ ಕೆದಕಬೇಡಿ. ಅದು ಪೊಲೀಸರು ಮತ್ತು ಮಕ್ಕಳ ಕಲ್ಯಾಣ ಸಮಿತಿ ನೋಡಿಕೊಳ್ಳಬೇಕಾದ ಕೆಲಸ.