ಆಲೆಮನೆ ಬೂದಿಯಲ್ಲಿ ಸಿಕ್ಕ ತಂತಿ

ಪಾಂಡವಪುರ ಕಡೆಯ ಒಂದು ಆಲೆಮನೆಗೆ ಹೋದಾಗ ನಾನು ಮೊದಲು ನೋಡಿದ್ದು ಕೊಪ್ಪರಿಗೆಯನ್ನಲ್ಲ, ಒಲೆಯ ಹಿಂದಿದ್ದ ಬೂದಿ ಗುಡ್ಡೆಯನ್ನು. ಇಂಧನ ತಪಾಸಣೆ ಕೆಲಸದಲ್ಲಿ ಇದು ನನಗೆ ರೂಢಿಯಾಗಿದೆ. ಒಲೆಗೆ ಏನು ಹಾಕುತ್ತೀರಿ ಅಂತ ಕೇಳಿದರೆ ಎಲ್ಲರೂ ರಚ್ಚು ಅಂತಲೇ ಹೇಳುತ್ತಾರೆ. ರಚ್ಚು ಅಂದರೆ ಗಾಣದಲ್ಲಿ ಹಾಲು ಹಿಂಡಿ ಉಳಿದ ಕಬ್ಬಿನ ಸಿಪ್ಪೆ. ಬೂದಿಯನ್ನು ಕೋಲಿನಿಂದ ಕೆದಕಿದೆ. ಸಿಕ್ಕುಗಟ್ಟಿದ ಕೂದಲಿನ ಹಾಗೆ ಸುತ್ತಿಕೊಂಡ ತೆಳು ಉಕ್ಕಿನ ತಂತಿ ಮೇಲೆ ಬಂತು. ಟೈರಿನ ಒಳಗಿರುತ್ತದಲ್ಲ, ಆ ತಂತಿ. ರಬ್ಬರ್ ಉರಿದು ಹೋಗುತ್ತದೆ, ಇದು ಉಳಿಯುತ್ತದೆ.

ಮಾಲೀಕರು ಮುಚ್ಚಿಡಲಿಲ್ಲ. "ಮಳೆ ಹಿಡ್ಕೊಂಡ್ರೆ ರಚ್ಚು ಒಣಗಾಕಿಲ್ಲ ಸಾ. ಕೊಪ್ಪರಿಗೆಗೆ ಹಾಲು ಬಿಟ್ಮೇಲೆ ಉರಿ ನಿಲ್ಸಕಾಯ್ತದಾ?" ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಕಬ್ಬಿನ ಹಾಲು ಕೆಲವೇ ಗಂಟೆಗಳಲ್ಲಿ ಹುಳಿಯಾಗುತ್ತದೆ. ಆಮೇಲೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ.

ಶಾಲೆಗಳಿಗೆ ಕರೆದಾಗ ಮಕ್ಕಳಿಗೆ ನಾನು ಇದೇ ಒಲೆಯ ವಿಷಯ ಹೇಳುತ್ತೇನೆ. ಪುಸ್ತಕದಲ್ಲಿ ಶಕ್ತಿಯ ಮೂಲಗಳ ಎರಡು ಪಟ್ಟಿ ಇರುತ್ತದೆ, ಮತ್ತೆ ಮತ್ತೆ ಹುಟ್ಟುವವು ಮತ್ತು ಮುಗಿದು ಹೋಗುವವು. ಬಿಸಿಲು, ಗಾಳಿ, ನೀರು, ಜೈವಿಕ ಇಂಧನ ಒಂದು ಕಡೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಯುರೇನಿಯಂ ಇನ್ನೊಂದು ಕಡೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ಇಲ್ಲಿ ಒಂದೇ ಒಲೆಯ ಬಾಯಿಗೆ ಎರಡೂ ಬೀಳುತ್ತಿವೆ, ಅಲ್ವಾ? ರಚ್ಚು ಹನ್ನೆರಡು ತಿಂಗಳಲ್ಲಿ ಗದ್ದೆಯಲ್ಲಿ ಬೆಳೆದದ್ದು. ಅದು ಸುಟ್ಟಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಹೋದ ವರ್ಷ ಗಾಳಿಯಲ್ಲೇ ಇತ್ತು. ಬರುವ ವರ್ಷದ ಕಬ್ಬು ಮತ್ತೆ ಅಷ್ಟನ್ನು ಎಳೆದುಕೊಳ್ಳುತ್ತದೆ. ಟೈರಿನ ಕಥೆ ಬೇರೆ. ಅದರಲ್ಲಿ ಮರದ ರಬ್ಬರ್ ಒಂದಿಷ್ಟು ಇದ್ದರೂ, ಕೃತಕ ರಬ್ಬರ್ ಬರುವುದು ಕಚ್ಚಾ ತೈಲದಿಂದ. ಕೋಟ್ಯಂತರ ವರ್ಷ ನೆಲದಡಿ ಇದ್ದದ್ದು ಅರ್ಧ ಗಂಟೆಯಲ್ಲಿ ಹೊಗೆಯಾಗುತ್ತದೆ. ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಉರಿಯುವ ಕಲ್ಲಿದ್ದಲೂ ಹಾಗೆಯೇ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ, ಅದು ರೈಲಿನಲ್ಲಿ ಬರುತ್ತದೆ. ಅದರ ವಯಸ್ಸು ಸುಮಾರು 25 ಕೋಟಿ ವರ್ಷಕ್ಕೂ ಜಾಸ್ತಿ. ಸುಡುವ ವೇಗ ಎಷ್ಟು, ಹುಟ್ಟುವ ವೇಗ ಎಷ್ಟು ಅನ್ನುವುದೇ ಈ ಎರಡು ಪಟ್ಟಿಗಳ ನಡುವಿನ ಗೆರೆ.

ಸರಿ, ಟೈರ್ ಇಲ್ಲದೆ ಬೆಲ್ಲ ಆಗುತ್ತದಾ? ಮಾಲೀಕರ ಎದುರಿಗೇ ಕೂತು ಲೆಕ್ಕ ಹಾಕಿದೆವು. ಒಂದು ಟನ್ ಕಬ್ಬು ಅರೆದರೆ ಗಾಣದಲ್ಲಿ ಹೆಚ್ಚೂಕಡಿಮೆ 600ರಿಂದ 650 ಕೆಜಿ ಹಾಲು. ಬೆಲ್ಲ ಸುಮಾರು 100 ಕೆಜಿ. ಉಳಿದ 500 ಕೆಜಿಗೂ ಮೇಲ್ಪಟ್ಟ ನೀರು ಆವಿಯಾಗಿ ಹೋಗಬೇಕು. ಕುದಿಯುವ ಒಂದು ಕೆಜಿ ನೀರು ಆವಿಯಾಗಲು 540 ಕಿಲೋಕ್ಯಾಲರಿ ಬೇಕು. ಹಾಲನ್ನು ಕುದಿಯುವ ಮಟ್ಟಕ್ಕೆ ತರುವ ಶಾಖವನ್ನೂ ಸೇರಿಸಿದರೆ ಮೂರು, ಮೂರೂವರೆ ಲಕ್ಷ ಕಿಲೋಕ್ಯಾಲರಿ. ಅದೇ ಒಂದು ಟನ್ ಕಬ್ಬಿನಿಂದ 350 ಕೆಜಿಯಷ್ಟು ಹಸಿ ರಚ್ಚು ಸಿಗುತ್ತದೆ. ಅದರಲ್ಲಿ ಸುಮಾರು ಅರ್ಧ ನೀರು. ಚೆನ್ನಾಗಿ ಒಣಗಿಸಿದರೆ ಉಳಿಯುವ ಸಿಪ್ಪೆಯಲ್ಲಿ ಏಳು ಲಕ್ಷದ ಆಸುಪಾಸು ಶಾಖವಿದೆ. ಬೇಕಾದದ್ದರ ಎರಡರಷ್ಟು! ಮಾಲೀಕರು ಲೆಕ್ಕದ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ಹಾಗಾದರೆ ಮಿಕ್ಕ ಶಾಖ ಎಲ್ಲಿ ಹೋಗುತ್ತಿತ್ತು? ಒಂದಷ್ಟು, ಹಸಿ ರಚ್ಚಿನ ನೀರನ್ನೇ ಒಲೆಯೊಳಗೆ ಒಣಗಿಸುವುದಕ್ಕೆ. ಇನ್ನೊಂದಷ್ಟು ಸೀದಾ ಚಿಮಣಿಯಿಂದ ಮೇಲಕ್ಕೆ. ಆ ಒಲೆಯಲ್ಲಿ ರಚ್ಚು ನೆಲದ ಮೇಲೇ ಬೀಳುತ್ತಿತ್ತು. ಕೆಳಗಿನಿಂದ ಗಾಳಿ ಬರಲು ದಾರಿಯೇ ಇರಲಿಲ್ಲ. ಉರಿ ಹಾಕುವವನು ಒಂದೇ ಸಲ ತಬ್ಬುಗಟ್ಟಲೆ ತುರುಕಿ ಬೀಡಿ ಸೇದಲು ಹೋಗುತ್ತಿದ್ದ. ತುರುಕಿದ ತಕ್ಷಣ ಚಿಮಣಿಯಲ್ಲಿ ಕಪ್ಪು ಹೊಗೆ. ಕಪ್ಪು ಹೊಗೆ ಅಂದರೆ ಪೂರ್ತಿ ಉರಿಯದ ಇಂಧನ, ಸುಮ್ನೆ ಆಕಾಶಕ್ಕೆ ಹೋಗುತ್ತಿರುವ ರಚ್ಚು ಅದು. ಟೈರ್ ಹಾಕಿದರೆ ಆ ಹೊಗೆಯಲ್ಲಿ ಗಂಧಕದ ಅನಿಲವೂ ಸೇರುತ್ತದೆ. ಗಂಟಲು ಕೆರೆಯುವುದು, ಕಣ್ಣು ಉರಿಯುವುದು ಅದರಿಂದಲೂ. ಅದನ್ನು ದಿನವಿಡೀ ಕುಡಿಯುವುದು ಒಲೆಯ ಮುಂದೆ ಕೂತ ಕೂಲಿಯವನು. ಅವನ ಹೆಂಡತಿ ಮಕ್ಕಳ ಗುಡಿಸಲು ಇದ್ದದ್ದು ಇಪ್ಪತ್ತು ಹೆಜ್ಜೆ ದೂರದಲ್ಲಿ. ನನಗೆ ಇಂಧನದ ಲೆಕ್ಕಕ್ಕಿಂತ ಇದೇ ಹೆಚ್ಚು ಸಂಕಟ ಕೊಟ್ಟಿತು.

ಮಾಡಿದ್ದು ದೊಡ್ಡ ಕೆಲಸವೇನಲ್ಲ. ಒಲೆಯ ತಳಕ್ಕೆ ಕಬ್ಬಿಣದ ಕಂಬಿ ಜಾಲರಿ, ಅದರ ಕೆಳಗೆ ಗಾಳಿ ಬರಲು ಗುಂಡಿ. ಚಿಮಣಿಗೆ ಹೋಗುವ ಬಿಸಿಗಾಳಿ ಎರಡನೇ ಕೊಪ್ಪರಿಗೆಯ ಅಡಿಯಲ್ಲಿ ಹಾದು ಹೋಗುವಂತೆ ಕಾಲುವೆ. ಮುಂದಿನ ಸರದಿಯ ಹಾಲು ಅಲ್ಲೇ ಬಿಸಿಯಾಗುತ್ತದೆ. ಇನ್ನು, ಒಣಗಿದ ರಚ್ಚಿಗೆ ತಗಡಿನ ಚಪ್ಪರ. ಕೇಳಿದರೆ ಮೊದಲು ಚಪ್ಪರವನ್ನೇ ಹಾಕಿ ಅನ್ನುತ್ತೇನೆ.

ರಚ್ಚು ಮತ್ತೆ ಹುಟ್ಟುತ್ತದೆ ಅಂದೆ. ಅದಕ್ಕೂ ಒಂದು ಷರತ್ತಿದೆ. ಕಬ್ಬಿಗೆ ನೀರು ಬೇಕು. 2023ರ ಮಳೆಗಾಲದಲ್ಲಿ ಕೆಆರ್‌ಎಸ್ ಅಣೆಕಟ್ಟೆ (ಕನ್ನಂಬಾಡಿ) ಪೂರ್ತಿ ತುಂಬುವ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ, ನಾಲೆ ನೀರಿಗಾಗಿ ರೈತರು ಬೀದಿಗಿಳಿದರು. ನಮ್ಮ ಮಂಡ್ಯ ಜಿಲ್ಲೆಗೆ ಇದು ಹಳೆಯ ಪಾಠ. ಶಿವನಸಮುದ್ರದ ಜಲವಿದ್ಯುತ್ 1902ರಲ್ಲೇ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆದರೆ ಹೊಳೆ ಬತ್ತಿದರೆ ಆ ಯಂತ್ರಗಳಿಗೂ ಬಲವಿಲ್ಲ. ಬೇಸಿಗೆಗೂ ನೀರು ಉಳಿಯಬೇಕು ಅನ್ನುವುದೂ ಕನ್ನಂಬಾಡಿ ಕಟ್ಟಿದ ಕಾರಣಗಳಲ್ಲಿ ಒಂದು. ನಾಗಮಂಗಲದ ಕಡೆ ಈಗ ಸೋಲಾರ್ ಪಂಪು ಕೇಳುವವರು ಜಾಸ್ತಿ. ಕೊಡಿಸಿ, ನನ್ನ ವಿರೋಧವಿಲ್ಲ. ಆದರೆ ಬಿಸಿಲು ದಿನಾ ಬರುತ್ತದೆ, ಬೋರಿನ ನೀರು ಹಾಗೆ ಬರುವುದಿಲ್ಲ. ಕರೆಂಟು ಬಿಲ್ಲಿಲ್ಲ ಅಂತ ಬೆಳಗಿನಿಂದ ಸಂಜೆವರೆಗೆ ಪಂಪು ಓಡಿಸಿದರೆ, ಮುಗಿಯದ ಬಿಸಿಲಿನಿಂದ ಮುಗಿಯುವ ನೀರನ್ನು ಖಾಲಿ ಮಾಡಿದ ಹಾಗೆ. ಹನಿ ನೀರಾವರಿ ಹಾಕಿಸದವರಿಗೆ ನಾನು ಸೋಲಾರ್ ಪಂಪಿನ ಅಂದಾಜು ಬರೆದುಕೊಡುವುದಿಲ್ಲ.

ಪಾಂಡವಪುರದ ಆಲೆಮನೆಗೆ ಮೊನ್ನೆ ಮತ್ತೆ ಹೋಗಿದ್ದೆ. ಹೊಸ ಒಲೆಯ ಬೂದಿಯನ್ನು ಬಾಳೆ ಬುಡಕ್ಕೆ ಹಾಕಿಸುತ್ತಿದ್ದರು. ಕೆದಕಿ ನೋಡಿದೆ, ಬರೀ ಮೆತ್ತನೆ ಬೂದಿ. ಪಕ್ಕದ ಹಳೇ ಒಲೆ ಮಾತ್ರ ಹಾಗೇ ಇದೆ. ಅದರ ಗೋಡೆ ಒಡೆಯಲು ಹಬ್ಬ ಕಳೆಯಲಿ ಅಂದಿದ್ದಾರೆ. ಜಾಲರಿಯ ಕಂಬಿ ಆಗಲೇ ತಂದು ಚಪ್ಪರದಡಿ ಇಟ್ಟಿದ್ದಾರೆ.